ಆಟಿಸಂ ಇರುವವರು ಮನೆಯಿಂದ ಪದವಿ ಓದುವ ಬಗೆ: ಧಾರವಾಡ, ಗದಗ, ಹಾವೇರಿ ಭಾಗದ ವಿದ್ಯಾರ್ಥಿಗಳಿಗೊಂದು ಕೈಪಿಡಿ

ದೂರಶಿಕ್ಷಣದಲ್ಲಿ ಪದವಿ ಓದಿದರೆ ಆಟಿಸಂ ಇರುವವರಿಗೆ ಕಾಲೇಜಿನ ಎಷ್ಟೋ ನಿತ್ಯದ ಸಂಕಟಗಳು ತಪ್ಪುತ್ತವೆ. ಕಿಕ್ಕಿರಿದ ಕೊಠಡಿ, ಕಿರುಗುಟ್ಟುವ ಫ್ಯಾನು, ತಾಸು ಮುಗಿದೊಡನೆ ಬಡಿಯುವ ಗಂಟೆ, ಕ್ಯಾಂಟೀನಿನ ಗದ್ದಲ, ಯಾರೊಡನೆ ಎಷ್ಟು ಮಾತಾಡಬೇಕೆಂಬ ಚಿಂತೆ ಇವೆಲ್ಲ ಇರುವುದಿಲ್ಲ. ಆದರೆ ಕಾಲೇಜು ನಮಗೆ ಗೊತ್ತಾಗದಂತೆ ಮಾಡಿಕೊಡುತ್ತಿದ್ದ ಇನ್ನೊಂದು ಕೆಲಸವೂ ಆಗಲೇ ನಿಂತುಹೋಗುತ್ತದೆ. ಇಂದು ಯಾವ ವಿಷಯ, ನಾಳೆ ಯಾವ ಪಾಠ, ಯಾವಾಗ ಶುಲ್ಕ ಕಟ್ಟಬೇಕು, ಯಾವಾಗ ಅರ್ಜಿ ತುಂಬಬೇಕು ಎಂಬುದನ್ನೆಲ್ಲ ಅಲ್ಲಿ ಬೇರೆಯವರು ಗೊತ್ತುಮಾಡಿರುತ್ತಿದ್ದರು. ಇಲ್ಲಿ ಅದನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. ವಿಷಯದ ಮೇಲೆ ಒಳ್ಳೆಯ ಹಿಡಿತವಿದ್ದರೂ ಕೆಲಸವನ್ನು ಆರಂಭಿಸುವುದು, ವಿಂಗಡಿಸುವುದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವುದು ಆಟಿಸಂ ಇರುವ ಬಹಳಷ್ಟು ಜನರಿಗೆ ಕಷ್ಟ. ಆದ್ದರಿಂದ ಪಾಠ ಓದುವುದಕ್ಕಿಂತ ಮೊದಲು ಓದಿನ ಸುತ್ತಲಿನ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕು. ಎಲ್ಲವನ್ನೂ ಬರವಣಿಗೆಯಲ್ಲಿ ಇಟ್ಟುಕೊಳ್ಳುವುದು, ಬೇಕಾದುದನ್ನು ಪರೀಕ್ಷೆಯ ತಿಂಗಳಿಗೆ ಬಿಡದೆ ಬಹಳ ಮೊದಲೇ ಕೇಳುವುದು, ಈ ಎರಡರ ಮೇಲೆ ಆ ವ್ಯವಸ್ಥೆ ನಿಲ್ಲುತ್ತದೆ.

ವಿಶ್ವವಿದ್ಯಾಲಯ ಮತ್ತು ವಿಷಯದ ಆಯ್ಕೆ

ನಮ್ಮ ಭಾಗದವರ ಮುಂದೆ ಮುಖ್ಯವಾಗಿ ಎರಡು ಮುಕ್ತ ವಿಶ್ವವಿದ್ಯಾಲಯಗಳಿವೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ, ಮತ್ತು ಕಲಾ ವಿಭಾಗದ ಹಲವು ಪದವಿಗಳನ್ನು ಅಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಬಹುದು. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರವನ್ನು ಹೊಂದಿದೆ. ಅದರ ಪಠ್ಯಗಳು ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಪಿ.ಯು.ಸಿ.ವರೆಗೆ ಕನ್ನಡದಲ್ಲಿ ಓದಿದವರು ಪ್ರತಿಷ್ಠೆಯ ಮಾತಿಗೆ ಮಣಿದು ಮಾಧ್ಯಮ ಬದಲಿಸುವುದು ಬೇಡವೆಂದು ನನ್ನ ಸಲಹೆ. ಹೊಸ ವ್ಯವಸ್ಥೆಗೆ ಒಗ್ಗಿಕೊಳ್ಳುವುದೇ ಸಾಕಷ್ಟು ಶಕ್ತಿ ಬೇಡುವಾಗ ಭಾಷೆಯ ಭಾರವನ್ನೂ ಅದೇ ವರ್ಷ ಹೊರಬೇಕಾಗಿಲ್ಲ.

ಯಾವುದನ್ನೇ ಆರಿಸಿದರೂ ನೀವು ಸೇರುವ ವರ್ಷಕ್ಕೆ, ನೀವು ಸೇರುವ ಪದವಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯು.ಜಿ.ಸಿ.ಯ, ಮಾನ್ಯತೆ ಇದೆಯೇ ಎಂಬುದನ್ನು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿಯೇ ನೋಡಬೇಕು. ಮಾನ್ಯತೆ ಪಡೆದ ದೂರಶಿಕ್ಷಣ ಪದವಿಯನ್ನು ಸಾಮಾನ್ಯ ಪದವಿಗೆ ಸಮಾನವೆಂದೇ ಪರಿಗಣಿಸಲಾಗುತ್ತದೆ. ಆದರೆ ಮಾನ್ಯತೆಯ ಪ್ರಶ್ನೆ ಎದ್ದು ವಿದ್ಯಾರ್ಥಿಗಳು ವರ್ಷಗಟ್ಟಲೆ ಅತಂತ್ರರಾದುದನ್ನು ನಮ್ಮ ರಾಜ್ಯ ಕಂಡಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಮರಳಿ ದೊರೆತದ್ದು 2018ರಲ್ಲಿ. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಅನುಮತಿಯೇ ಇಲ್ಲ, ಆದ್ದರಿಂದ ಅಂಥದನ್ನು ಕೊಡುತ್ತೇವೆನ್ನುವ ಜಾಹೀರಾತುಗಳಿಂದ ದೂರವಿರಿ. ಪ್ರವೇಶಕ್ಕೆ ಮೊದಲು ಗಳಿಸಿದ ಕ್ರೆಡಿಟ್‌ಗಳನ್ನು ದಾಖಲಿಸಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯ ಸಂಖ್ಯೆ ಮತ್ತು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ (ಡಿ.ಇ.ಬಿ.) ಸಂಖ್ಯೆಯನ್ನು ಆನ್‌ಲೈನಿನಲ್ಲಿ ಪಡೆಯಬೇಕಾಗುತ್ತದೆ. ಆಧಾರ್‌ನಲ್ಲಿ ಮತ್ತು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇಲ್ಲದಿದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ, ಏಕೆಂದರೆ ಕೊನೆಯ ದಿನ ಅರ್ಜಿ ಮುಂದೆ ಸಾಗದಿದ್ದಾಗ ಆಗುವ ಗಾಬರಿ ಇಡೀ ವಾರವನ್ನು ಕೆಡಿಸಬಲ್ಲದು.

ವಿಷಯವನ್ನು ಆರಿಸುವಾಗ ನಿಮ್ಮ ತೀವ್ರ ಆಸಕ್ತಿಯನ್ನು ಸಂಕೋಚವಿಲ್ಲದೆ ಆಧಾರವಾಗಿಟ್ಟುಕೊಳ್ಳಿ. ಶಾಸನಗಳನ್ನೋ ರೈಲು ವೇಳಾಪಟ್ಟಿಗಳನ್ನೋ ತಾಸುಗಟ್ಟಲೆ ನೋಡುವ ಹುಡುಗನನ್ನು ಮನೆಯವರು ಕಾಲ ಕಳೆಯುತ್ತಾನೆಂದು ಗದರಿಸುವುದುಂಟು. ಆದರೆ ಎದುರಿಗೆ ಅಧ್ಯಾಪಕರಿಲ್ಲದ ಓದಿನಲ್ಲಿ ಮೂರು ವರ್ಷ ಎಳೆದುಕೊಂಡು ಹೋಗುವುದು ಆ ಆಸಕ್ತಿಯೇ. ಇಗ್ನೋದ ಬಹಳಷ್ಟು ಪಠ್ಯಗಳು ಇ-ಜ್ಞಾನಕೋಶ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುವುದರಿಂದ, ಸೇರುವ ಮೊದಲೇ ಒಂದೆರಡು ಘಟಕಗಳನ್ನು ಓದಿ ಭಾಷೆ ಮತ್ತು ನಿರೂಪಣೆ ನಿಮಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬಹುದು. ಪ್ರಯೋಗಾಲಯವಿರುವ ವಿಷಯಗಳಿಗೆ ಕೇಂದ್ರಕ್ಕೆ ಹೋಗುವುದು ಕಡ್ಡಾಯ. ಆನ್‌ಲೈನ್ ಪದವಿಗೂ ದೂರಶಿಕ್ಷಣಕ್ಕೂ ಇರುವ ವ್ಯತ್ಯಾಸವನ್ನೂ ಗಮನಿಸಿ: ಮೊದಲನೆಯದರಲ್ಲಿ ಪರದೆಯ ಮುಂದಿನ ತರಗತಿ ಮತ್ತು ಚರ್ಚೆಗಳಿಗೆ ಹೆಚ್ಚಿನ ಪಾಲಿರುತ್ತದೆ, ಎರಡನೆಯದರಲ್ಲಿ ಪಠ್ಯಪುಸ್ತಕವೇ ಮುಖ್ಯ.

ಪ್ರಮಾಣಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, ಮತ್ತು ಅದು ಪಟ್ಟಿಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅದರ 17ನೇ ಕಲಂ ಪರೀಕ್ಷಾ ಪದ್ಧತಿಯಲ್ಲಿ ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವಿನಂಥ ಬದಲಾವಣೆಗಳನ್ನು ಮಾಡಿಕೊಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಇವುಗಳನ್ನು ಪಡೆಯಲು ಸಾಮಾನ್ಯವಾಗಿ ಕೇಳುವುದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್. ಇವೆರಡಕ್ಕೂ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಹಳ್ಳಿಯವರಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಅರ್ಜಿ ತುಂಬಲು ನೆರವಾಗುವುದು ಅವರ ಕೆಲಸದ ಭಾಗ. ಇದುವರೆಗೆ ತಪಾಸಣೆಯೇ ಆಗದಿದ್ದವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಮನೋವೈದ್ಯಕೀಯ ವಿಭಾಗದಿಂದ ಆರಂಭಿಸಬಹುದು.

ತಪಾಸಣೆಯಲ್ಲಿ ಬಳಕೆಯಾಗುವ ಭಾರತೀಯ ಆಟಿಸಂ ಮಾಪಕದಲ್ಲಿ 40 ಅಂಶಗಳಿದ್ದು, ಒಟ್ಟು ಅಂಕ 40ರಿಂದ 200ರವರೆಗೆ ಇರುತ್ತದೆ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಎಂದು ಪರಿಗಣಿಸುವುದಿಲ್ಲ. ಇಲ್ಲಿ ದೊಡ್ಡವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಒಂದು ತೊಡಕಿದೆ. ವರ್ಷಗಟ್ಟಲೆ ಇತರರನ್ನು ನೋಡಿ ನಗುವುದನ್ನು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕಲಿತುಕೊಂಡವರು ವೈದ್ಯರ ಮುಂದೆಯೂ ಹಾಗೆಯೇ ನಡೆದುಕೊಳ್ಳುತ್ತಾರೆ, ಹಾಗಾಗಿ ಕಷ್ಟ ಹೊರಗೆ ಕಾಣುವುದಿಲ್ಲ. "ಮಾಡುತ್ತೇನೆ" ಎಂದಷ್ಟೇ ಹೇಳದೆ, ಮಾಡಲು ಎಷ್ಟು ಶ್ರಮ ಬೀಳುತ್ತದೆ, ಮಾಡಿದ ಮೇಲೆ ಎಷ್ಟು ಹೊತ್ತು ಒಬ್ಬರೇ ಇರಬೇಕಾಗುತ್ತದೆ ಎಂಬುದನ್ನೂ ಹೇಳಿ. ಬಾಲ್ಯದ ವಿವರಗಳನ್ನು ಬಲ್ಲ ತಾಯಿ, ಅಜ್ಜಿ ಅಥವಾ ಅಕ್ಕ ಜೊತೆಗಿರಲಿ, ಮತ್ತು ಹೇಳಬೇಕಾದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಆ ಹಾಳೆಯನ್ನೇ ಕೊಡಿ. ಮಾತಿನಲ್ಲಿ ತಪ್ಪಿಹೋಗುವುದು ಬರಹದಲ್ಲಿ ಉಳಿಯುತ್ತದೆ.

ಪ್ರಮಾಣಪತ್ರದಲ್ಲಿ ಅಂಗವೈಕಲ್ಯದ ಪ್ರಮಾಣ ಶೇಕಡಾ 40ಕ್ಕಿಂತ ಕಡಿಮೆ ಎಂದು ಬಂದರೂ ಕೇಳುವ ಹಕ್ಕು ಮುಗಿಯುವುದಿಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಪರೀಕ್ಷೆಯ ಅನುಕೂಲಗಳನ್ನು ಶೇಕಡಾ 40ರ ಮಿತಿಗೆ ಕಟ್ಟಿಹಾಕುವಂತಿಲ್ಲವೆಂದು ತೀರ್ಪು ಕೊಟ್ಟಿದೆ.

ಮನೆಯಲ್ಲಿ ಓದುವ ವ್ಯವಸ್ಥೆ

ಮನೆಯಿಂದ ಓದುವುದೆಂದರೆ ಶಾಂತವಾಗಿ ಓದುವುದು ಎಂದರ್ಥವಲ್ಲ. ಕೂಡು ಕುಟುಂಬದಲ್ಲಿ ಕುಕ್ಕರಿನ ಸೀಟಿ, ಟಿ.ವಿ., ಬಂದು ಹೋಗುವ ನೆಂಟರು ಎಲ್ಲವೂ ಇರುತ್ತವೆ, ಮತ್ತು ಪುಸ್ತಕ ಹಿಡಿದು ಕೂತವರನ್ನು ಓದುತ್ತಿದ್ದಾರೆಂದು ಒಪ್ಪುವ ಮನೆಯವರು ಮೊಬೈಲಿನಲ್ಲಿ ಪಾಠ ಕೇಳುವವರನ್ನು ಒಪ್ಪುವುದಿಲ್ಲ. "ಮಾಮಾ ಬಂದಾರ, ಹೊರಗ ಬಂದು ಮಾತಾಡ್ಸು" ಎಂದು ಅವ್ವ ಕರೆದಾಗ ಅರ್ಧಕ್ಕೆ ಎದ್ದರೆ, ಮತ್ತೆ ಆ ಪುಟಕ್ಕೆ ಮನಸ್ಸನ್ನು ತರಲು ಎಷ್ಟು ಹೊತ್ತು ಬೇಕೆಂಬುದು ನಿಮಗೆ ಮಾತ್ರ ಗೊತ್ತು. ಅದಕ್ಕಾಗಿ ಓದುವ ವೇಳೆಯನ್ನು ಬರೆದು ಬಾಗಿಲಿಗೆ ಅಂಟಿಸಿ, ಆ ಹೊತ್ತಿನಲ್ಲಿ ಕರೆಯಬಾರದೆಂಬ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ. ವೇಳೆ ಮುಗಿದ ಮೇಲೆ ನೆಂಟರ ಬಳಿ ಹತ್ತು ನಿಮಿಷ ಕೂರುತ್ತೇನೆಂದು ನೀವೂ ಒಪ್ಪಿಕೊಂಡರೆ ಅವ್ವನಿಗೂ ಮುಜುಗರವಾಗುವುದಿಲ್ಲ. ನಸುಕಿನ ಹೊತ್ತು ಸದ್ದು ಕಡಿಮೆ. ಸಂಜೆ ವಿದ್ಯುತ್ ಹೋಗುವುದು ವಾಡಿಕೆಯಾದ ಊರಾದರೆ ವಿಡಿಯೊ ಪಾಠಗಳನ್ನು ಮೊದಲೇ ಇಳಿಸಿಕೊಂಡು, ಕರೆಂಟ್ ಇಲ್ಲದಾಗ ಮಾಡುವ ಕೆಲಸವನ್ನೂ ಪಟ್ಟಿಯಲ್ಲಿ ಬರೆದಿಡಿ. ಆಗ ಯೋಜನೆ ತಪ್ಪಿತೆಂಬ ತಳಮಳ ಹುಟ್ಟುವುದಿಲ್ಲ, ಎರಡನೆಯ ಯೋಜನೆ ಆರಂಭವಾಗುತ್ತದೆ.

ಪಠ್ಯವನ್ನು ಭಾಗ ಮಾಡುವುದು ಮುಂದಿನ ಕೆಲಸ. ಮುಕ್ತ ವಿಶ್ವವಿದ್ಯಾಲಯದ ಪುಸ್ತಕಗಳು ಖಂಡಗಳಾಗಿಯೂ ಖಂಡಗಳು ಘಟಕಗಳಾಗಿಯೂ ವಿಂಗಡಣೆಯಾಗಿರುವುದು ನಿಮಗೆ ಅನುಕೂಲ. ಐದು ಪತ್ರಿಕೆಗಳು, ಪ್ರತಿಯೊಂದರಲ್ಲಿ ನಾಲ್ಕು ಖಂಡ, ಪ್ರತಿ ಖಂಡದಲ್ಲಿ ನಾಲ್ಕು ಘಟಕ ಎಂದಿಟ್ಟುಕೊಂಡರೆ ಒಟ್ಟು 80 ಘಟಕಗಳಾಗುತ್ತವೆ. ಪರೀಕ್ಷೆಗೆ 26 ವಾರಗಳಿದ್ದರೆ 20 ವಾರಗಳಿಗೆ ಮಾತ್ರ ಓದನ್ನು ಹಂಚಿ, ವಾರಕ್ಕೆ ನಾಲ್ಕು ಘಟಕದಂತೆ ಬರೆದುಕೊಂಡು, ಉಳಿದ ಆರು ವಾರಗಳನ್ನು ಖಾಲಿ ಬಿಡಿ. ಜ್ವರ, ಮದುವೆ, ಜಾತ್ರೆ, ಏನೂ ಮಾಡಲಾಗದ ದಣಿವು ಎಲ್ಲವೂ ಆ ಆರು ವಾರಗಳಲ್ಲಿ ಹಿಡಿಸಬೇಕು. ಖಾಲಿ ಜಾಗವಿಲ್ಲದ ವೇಳಾಪಟ್ಟಿ ಒಂದು ದಿನ ತಪ್ಪಿದೊಡನೆ ಪೂರ್ತಿ ಕೈಬಿಟ್ಟುಹೋಗುತ್ತದೆ. ಇಷ್ಟವಾದ ಘಟಕದಲ್ಲಿ ಮುಳುಗಿ ಉಳಿದ ಪತ್ರಿಕೆಗಳನ್ನು ಮರೆಯುವವರು ಆ ಘಟಕವನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆಗಳ ಭಾಷೆ

ಅಸೈನ್‌ಮೆಂಟ್‌ಗಳನ್ನು ಹಗುರವಾಗಿ ನೋಡಬೇಡಿ. ಇಗ್ನೋದ ಬಹಳಷ್ಟು ಪದವಿಗಳಲ್ಲಿ ಅವುಗಳಿಗೆ ಶೇಕಡಾ 30ರ ಪಾಲಿದೆ, ಮತ್ತು ನಿಮ್ಮ ಕೊಠಡಿಯಲ್ಲಿ, ನಿಮ್ಮ ವೇಗದಲ್ಲಿ ಬರೆಯಬಹುದಾದ ಅಂಕಗಳು ಅವೇ. ಆದರೆ ಪ್ರಶ್ನೆಯ ಪದಗಳನ್ನು ಇದ್ದಂತೆಯೇ ಅರ್ಥಮಾಡಿಕೊಳ್ಳುವವರಿಗೆ ಅಲ್ಲೊಂದು ಅಡ್ಡಿ ಎದುರಾಗುತ್ತದೆ. ಪ್ರಶ್ನೆ ಕೇಳುವವರು ಎಷ್ಟೋ ನಿರೀಕ್ಷೆಗಳನ್ನು ಒಂದೇ ಕ್ರಿಯಾಪದದಲ್ಲಿ ಅಡಗಿಸಿರುತ್ತಾರೆ, ಅವನ್ನು ಬಿಡಿಸಿ ಹೇಳುವುದಿಲ್ಲ. "ವಿವರಿಸಿ" ಎಂದರೆ ಏನಾಯಿತು, ಏಕಾಯಿತು, ಹೇಗಾಯಿತು ಎಂಬುದನ್ನು ಕ್ರಮವಾಗಿ ಬರೆಯಬೇಕು. ನಿಮ್ಮ ಅಭಿಪ್ರಾಯ ಬೇಕಾಗಿಲ್ಲ. "ಚರ್ಚಿಸಿ" ಎಂದರೆ ಕನಿಷ್ಠ ಎರಡು ನಿಲುವುಗಳನ್ನು ಅವುಗಳ ಕಾರಣಗಳೊಡನೆ ಕೊಟ್ಟು, ಯಾವುದು ಹೆಚ್ಚು ಸಮರ್ಥವೆಂದು ಕೊನೆಯಲ್ಲಿ ಹೇಳಬೇಕು. "ವಿಮರ್ಶಿಸಿ" ಎಂಬ ಪ್ರಶ್ನೆಗೆ ಮಹತ್ವವನ್ನೂ ಮಿತಿಯನ್ನೂ ಎರಡನ್ನೂ ಬರೆಯದೆ ಪೂರ್ಣ ಅಂಕ ಸಿಗದು. ಉದಾಹರಣೆಗೆ, ವಚನ ಚಳವಳಿಯ ಸಾಮಾಜಿಕ ಆಯಾಮವನ್ನು ವಿಮರ್ಶಿಸಿ ಎಂದು ಕೇಳಿದರೆ ಬಸವಣ್ಣನವರ ಜೀವನದ ಎಲ್ಲ ವಿವರಗಳನ್ನು, ನಿಮಗೆ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ, ಅಲ್ಲಿ ತುಂಬಬಾರದು. ಕಾಯಕ, ಜಾತಿ, ಸ್ತ್ರೀಯರ ಸ್ಥಾನ ಇವುಗಳಲ್ಲಿ ಚಳವಳಿ ತಂದ ಬದಲಾವಣೆಯನ್ನೂ ಅದು ಎಲ್ಲಿ ನಿಂತಿತೆಂಬುದನ್ನೂ ಬರೆಯಬೇಕು. "ಟಿಪ್ಪಣಿ ಬರೆಯಿರಿ" ಎಂದಾಗ ಅರ್ಥ, ಹಿನ್ನೆಲೆ, ಮಹತ್ವ ಎಂಬ ಮೂರು ಸಣ್ಣ ಭಾಗಗಳು ಸಾಕು. ಇಂಥ ಪದಗಳ ಪಟ್ಟಿಯನ್ನು ನೀವೇ ತಯಾರಿಸಿ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹೊಸ ಪದ ಕಂಡಾಗಲೆಲ್ಲ ಸೇರಿಸುತ್ತ ಹೋಗಿ, ಸಂದೇಹವಿದ್ದರೆ ನಿಮ್ಮ ಅಧ್ಯಯನ ಕೇಂದ್ರದಲ್ಲಿ ಪಾಠಕ್ಕೆ ನೆರವಾಗುವ ಸಮಾಲೋಚಕರಿಗೆ "ಈ ಪದಕ್ಕೆ ಉತ್ತರದಲ್ಲಿ ಯಾವ ಯಾವ ಭಾಗಗಳಿರಬೇಕು?" ಎಂದೇ ಬರೆದು ಕೇಳಿ. ಇದು ದಡ್ಡ ಪ್ರಶ್ನೆಯಲ್ಲ. ಕೈಬರಹ ಕಷ್ಟವಾದವರು ಅಸೈನ್‌ಮೆಂಟನ್ನು ಟೈಪ್ ಮಾಡಿ ಕೊಡಲು ಲಿಖಿತ ಅನುಮತಿಯನ್ನು ವರ್ಷದ ಆರಂಭದಲ್ಲಿಯೇ ಪಡೆಯಬೇಕು.

ಕಚೇರಿಯೊಡನೆ ವ್ಯವಹಾರ

ಫೋನಿನಲ್ಲಿ ಮಾತಾಡುವುದು ಕಷ್ಟವೆನಿಸಿದರೆ ಇಮೇಲ್ ಅಥವಾ ಪತ್ರವನ್ನೇ ಬಳಸಿ. ಅದರಿಂದ ದಾಖಲೆಯೂ ಉಳಿಯುತ್ತದೆ. ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ, ನೋಂದಣಿ ಸಂಖ್ಯೆ ಮೊದಲ ಸಾಲಿನಲ್ಲಿರಲಿ. ಪರೀಕ್ಷೆಯ ಅನುಕೂಲಕ್ಕಾಗಿ ಬರೆಯುವ ಪತ್ರ ಹೀಗಿರಬಹುದು:

"ಮಾನ್ಯರೇ, ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿ. ನನಗೆ ಆಟಿಸಂ ಇದ್ದು, ಯು.ಡಿ.ಐ.ಡಿ. ಕಾರ್ಡಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಬರಲಿರುವ ಪರೀಕ್ಷೆಯಲ್ಲಿ ನನಗೆ ಪ್ರತಿ ತಾಸಿಗೆ 20 ನಿಮಿಷಗಳ ಹೆಚ್ಚುವರಿ ಸಮಯ, ಕಡಿಮೆ ಜನರಿರುವ ಕೊಠಡಿ, ಹಾಗೂ ಕಿವಿಯಲ್ಲಿ ಇಯರ್‌ಪ್ಲಗ್ ಇಟ್ಟುಕೊಳ್ಳಲು ಅನುಮತಿ ಬೇಕಾಗಿದೆ. ಹಠಾತ್ ಸದ್ದಿನಿಂದ ನನ್ನ ಬರವಣಿಗೆ ಪೂರ್ತಿ ನಿಂತುಹೋಗುವುದರಿಂದ ಇವುಗಳನ್ನು ಕೋರುತ್ತಿದ್ದೇನೆ. ಮಂಜೂರಾತಿಯ ಪ್ರತಿಯನ್ನು ನನಗೂ ಪರೀಕ್ಷಾ ಕೇಂದ್ರಕ್ಕೂ ಲಿಖಿತವಾಗಿ ಕಳುಹಿಸಬೇಕೆಂದು ವಿನಂತಿಸುತ್ತೇನೆ."

ಬೇಕಾದುದನ್ನು ಹೆಸರಿಟ್ಟು ಕೇಳಿದರೆ ಕೊಡುವವರಿಗೂ ಸುಲಭ. "ನನಗೆ ಸಹಾಯ ಮಾಡಿ" ಎಂದಷ್ಟೇ ಬರೆದರೆ ಏನು ಮಾಡಬೇಕೆಂದು ಅವರಿಗೆ ತಿಳಿಯದು. ತಾಸಿಗೆ 20 ನಿಮಿಷವೆಂಬುದು ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿರುವ ಕನಿಷ್ಠ ಪ್ರಮಾಣ, ಅಂದರೆ ಮೂರು ತಾಸಿನ ಪರೀಕ್ಷೆಗೆ ಒಂದು ತಾಸು. ಪತ್ರವನ್ನು ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಿ. "ನಾಳೆ ಬರ್ರಿ" ಎಂಬ ಉತ್ತರ ಬಂದರೆ ಅದನ್ನು ನಾಳೆಯ ದಿನಾಂಕವೆಂದು ತಿಳಿಯಬೇಡಿ. ಬಹಳ ಸಲ ಅದರ ಅರ್ಥ ಇವತ್ತು ಆಗುವುದಿಲ್ಲ ಎಂದಷ್ಟೇ. "ಯಾವ ದಿನಾಂಕಕ್ಕೆ ಬರಲಿ, ಯಾರನ್ನು ಕೇಳಲಿ ಸರ್?" ಎಂದು ಕೇಳಿ ಅವರೆದುರೇ ಬರೆದುಕೊಳ್ಳಿ. ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ ಸೇರಿದರೂ ಅದರ ಸದ್ದನ್ನು ನಿಲ್ಲಿಸಿಡಿ. ಪರೀಕ್ಷೆ ಮುಂದೂಡಿದೆಯೆಂಬ ಗಾಳಿಸುದ್ದಿ ಅಲ್ಲಿ ಪದೇ ಪದೇ ಹುಟ್ಟುತ್ತದೆ. ವಾರಕ್ಕೊಮ್ಮೆ ಗೊತ್ತಾದ ದಿನ ವಿಶ್ವವಿದ್ಯಾಲಯದ ಜಾಲತಾಣವನ್ನು ನೋಡಿದರೆ ಸಾಕು.

ಪರೀಕ್ಷೆಯ ದಿನಗಳು

ಕೇಂದ್ರ ಗೊತ್ತಾದೊಡನೆ ಒಮ್ಮೆ ಅಲ್ಲಿಗೆ ಹೋಗಿ ಗೇಟು, ಕೊಠಡಿ, ಶೌಚಾಲಯ, ಕೂರಲು ಸ್ತಬ್ಧವಾದ ಜಾಗ ಎಲ್ಲಿವೆ ಎಂದು ನೋಡಿಕೊಂಡು ಬನ್ನಿ, ಸಾಧ್ಯವಾದರೆ ಫೋಟೊ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಅನುಕೂಲ: ಅದಕ್ಕೆ ಪ್ರತ್ಯೇಕ ಪಥವಿದೆ, ನಿಲ್ದಾಣಗಳು ಗೊತ್ತಾಗಿವೆ. ಆದರೆ ಬೆಳಗಿನ ಕಾಲೇಜು-ಕಚೇರಿಯ ಹೊತ್ತಿನಲ್ಲಿ ಅದು ತುಂಬಿ ಹೋಗುತ್ತದೆ, ಆದ್ದರಿಂದ ಒಂದು ತಾಸು ಮೊದಲೇ ಹೊರಟು ಕೇಂದ್ರದ ಹತ್ತಿರ ಕಾಯುವುದು ಲೇಸು. ಗದಗ, ಹಾವೇರಿಯ ಕಡೆಯ ಹಳ್ಳಿಗಳಿಂದ ಬರುವವರು ಹಿಂದಿನ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿಯುವುದಕ್ಕಿಂತ ಬೆಳಿಗ್ಗೆ ಬೇಗ ಹೊರಡುವುದೇ ಹಿತವೆನಿಸಬಹುದು. ಹೊಸ ಹಾಸಿಗೆ, ಹೊಸ ವಾಸನೆ, ರಾತ್ರಿಯ ಮಾತುಕತೆ ನಿದ್ದೆಯನ್ನು ಕೆಡಿಸುತ್ತವೆ. ಹುಬ್ಬಳ್ಳಿಯಲ್ಲಿ ಗಣೇಶನ ಹಬ್ಬ, ರಂಗಪಂಚಮಿ, ಶಿವರಾತ್ರಿಯ ಸಿದ್ಧಾರೂಢರ ಜಾತ್ರೆ ಇವುಗಳ ಹೊತ್ತಿಗೆ ಪರೀಕ್ಷೆ ಬಂದರೆ ರಸ್ತೆ ಬಂದ್ ಆಗುವುದನ್ನೂ ಧ್ವನಿವರ್ಧಕಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಂಜೂರಾತಿ ಪತ್ರದ ಎರಡು ಪ್ರತಿಗಳನ್ನು ಹಾಲ್ ಟಿಕೆಟ್ ಜೊತೆ ಇಟ್ಟುಕೊಂಡು, ಪ್ರಶ್ನೆಪತ್ರಿಕೆ ಕೊಡುವ ಮೊದಲೇ ಮೇಲ್ವಿಚಾರಕರಿಗೆ ಒಂದನ್ನು ಕೊಡಿ. ತಪಾಸಣೆಗಾಗಿ ಮೈಮುಟ್ಟುವುದು ಸಹಿಸಲಾಗದಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ತೋರಿಸಬಹುದು. ಜೇಬುಗಳನ್ನು ನೀವೇ ಹೊರಗೆ ಮಾಡಿ ತೋರಿಸುತ್ತೇನೆಂದರೆ ಹೆಚ್ಚಿನವರು ಒಪ್ಪುತ್ತಾರೆ. ಒಂದೇ ಸಲಕ್ಕೆ ಎಲ್ಲ ಪತ್ರಿಕೆಗಳನ್ನೂ ಬರೆಯಲೇಬೇಕೆಂಬ ಹಠ ಬೇಡ. ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷಗಳವರೆಗೆ ಮುಗಿಸಬಹುದು, ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ, ಪರೀಕ್ಷೆಗಳಿರುತ್ತವೆ. ಕಠಿಣವಾದ ಎರಡು ಪತ್ರಿಕೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುವುದು ಸೋಲಲ್ಲ, ಅದು ನಿಯಮವೇ ಕೊಟ್ಟ ಅವಕಾಶ. ಪರೀಕ್ಷೆ ಮುಗಿದ ದಿನ ಮಾತು ನಿಂತುಹೋಗುವುದು, ಕತ್ತಲೆಯಲ್ಲಿ ಮಲಗಬೇಕೆನಿಸುವುದು ಆಗಬಹುದು. ಆ ದಿನ ಮನೆಯವರು ಹೇಗಾಯಿತೆಂದು ಕೇಳದೆ ಊಟವಿಟ್ಟು ಸುಮ್ಮನಿರಬೇಕೆಂದು ಮೊದಲೇ ಹೇಳಿಡಿ. ದಣಿವು ವಾರಗಟ್ಟಲೆ ಇಳಿಯದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದರೆ 14416 ಸಂಖ್ಯೆಯ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಕರೆ ಮಾಡುವುದು ಕಷ್ಟವೆನಿಸಿದರೆ ನಂಬಿಕೆಯ ಒಬ್ಬರು ನಿಮ್ಮ ಪಕ್ಕದಲ್ಲಿ ಕೂತು ಮಾತು ಆರಂಭಿಸಲಿ.

ತಂದೆತಾಯಿಗಳಿಗೆ ಒಂದು ಮಾತು. ನಿಮ್ಮ ಮಗನೋ ಮಗಳೋ ಪ್ರಾಪ್ತವಯಸ್ಕರು. ಅರ್ಜಿಯನ್ನು ನೀವೇ ತುಂಬಿ ಮುಗಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಮುಂದಿನ ವರ್ಷವೂ ನೀವೇ ತುಂಬಬೇಕಾಗುತ್ತದೆ. ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ ತುಂಬಿಸಿ, ಹಂತಗಳನ್ನು ಬರೆದಿಡಲು ಹೇಳಿ. ಅವರ ಒಪ್ಪಿಗೆಯಿಲ್ಲದೆ ಸಮಾಲೋಚಕರಿಗೂ ನೆಂಟರಿಗೂ ಆಟಿಸಂ ವಿಷಯವನ್ನು ಹೇಳಬೇಡಿ. ಯಾರಿಗೆ ಹೇಳಬೇಕೆಂಬುದು ಅವರ ತೀರ್ಮಾನ.

ಇನ್ನೊಂದು ದಿನಾಂಕವನ್ನು ಮರೆಯದೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಇಗ್ನೋದಲ್ಲಿ ಮುಂದಿನ ವರ್ಷದ ಮರುನೋಂದಣಿಗೆ ಹಿಂದಿನ ಪರೀಕ್ಷೆಯ ಫಲಿತಾಂಶ ಬರುವುದನ್ನು ಕಾಯಬೇಕಾಗಿಲ್ಲ, ಪರೀಕ್ಷೆ ಬರೆಯದಿದ್ದರೂ ಶುಲ್ಕ ಕಟ್ಟಿ ಮುಂದುವರಿಯಬಹುದು. ಯಾರೂ ಮನೆಗೆ ಬಂದು ನೆನಪಿಸುವುದಿಲ್ಲ. ಫಲಿತಾಂಶ ಬರಲೆಂದು ಕಾದು ಕೂತರೆ ಗಡುವು ದಾಟಿ ಆರು ತಿಂಗಳೋ ಒಂದು ವರ್ಷವೋ ವ್ಯರ್ಥವಾಗುತ್ತದೆ, ಆದ್ದರಿಂದ ಗಡುವಿಗೆ ಎರಡು ವಾರ ಮೊದಲು ಒಂದು ಗುರುತು, ಮೂರು ದಿನ ಮೊದಲು ಇನ್ನೊಂದು ಗುರುತು ಹಾಕಿ, ಶುಲ್ಕ ಕಟ್ಟಿದ ರಸೀದಿಯನ್ನು ಮುದ್ರಿಸಿ ಕಡತದಲ್ಲಿ ಸೇರಿಸಿಡಿ.